ಐಸಿಯುನಲ್ಲಿರುವವರ ಬಾಯಿಯ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಬಾಗಿಲ ಹೊರಗೆ ಕಾಯುತ್ತಾ ಕೂತ ಮನೆಯವರು ಕೇಳುವ ಪ್ರಶ್ನೆಗಳೇ ಇಲ್ಲಿ ಜಾಸ್ತಿ ಇವೆ. ಒಂದೆರಡು ಮಾತ್ರ ಹೊಸದಾಗಿ ಡ್ಯೂಟಿಗೆ ಸೇರಿದ ನರ್ಸ್‌ಗಳು ಕೇಳುವಂಥವು. ಓದುವವರ ಮನೆಯವರೊಬ್ಬರು ಈಗ ಒಳಗಿರಬಹುದು ಅಂದುಕೊಂಡೇ ಬರೆದಿದ್ದೇನೆ. ನಿಮ್ಮ ರೋಗಿಗೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಕೊನೆಯ ಮಾತು ಅಲ್ಲಿನ ಡಾಕ್ಟರದ್ದು.

ಜೀವ ಉಳಿದರೆ ಸಾಕು ಅನ್ನುವ ಹೊತ್ತಿನಲ್ಲಿ ಹಲ್ಲುಜ್ಜುವುದು ಅಷ್ಟು ಮುಖ್ಯಾನಾ?

ಹೌದು, ಮುಖ್ಯ. ಬಾಯಿ ನೋಡೋಕೆ ಚೆಂದ ಇರಲಿ ಅಂತ ಮಾಡುವ ಕೆಲಸ ಇದಲ್ಲ. ನಾವು ಬಾಯಿ ತೊಳೆಯುವುದು ಶ್ವಾಸಕೋಶ ಕಾಪಾಡೋಕೆ.

ವೆಂಟಿಲೇಟರ್ (ಉಸಿರಾಟದ ಯಂತ್ರ) ಮೇಲಿರುವವರಿಗೆ ಬರುವ ದೊಡ್ಡ ತೊಂದರೆಗಳಲ್ಲಿ ಒಂದು ನ್ಯುಮೋನಿಯಾ. ಬಾಯಿಂದ ಶ್ವಾಸನಾಳಕ್ಕೆ ಉಸಿರಿನ ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಶುರುವಾಗುವ ನ್ಯುಮೋನಿಯಾವನ್ನು ಡಾಕ್ಟರುಗಳು ವ್ಯಾಪ್ ಅಂತ ಕರೆಯುತ್ತಾರೆ. ಅಪಘಾತವಾಗಿಯೋ ಪಾರ್ಶ್ವವಾಯು ಹೊಡೆದೋ ಬಂದವರು ಆ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುತ್ತಾರೆ. ಅಷ್ಟರಲ್ಲಿ ಇದು ಬಂದು ಮತ್ತೆ ಕೆಳಗೆ ಬೀಳಿಸುತ್ತದೆ. ವೆಂಟಿಲೇಟರ್‌ನಿಂದ ಹೊರಬರುವುದು ತಡವಾಗುತ್ತದೆ. ದುಬಾರಿ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಬಿಲ್ಲೂ ಏರುತ್ತದೆ. ಈ ನ್ಯುಮೋನಿಯಾ ತರುವ ರೋಗಾಣುಗಳಲ್ಲಿ ಬಹುಪಾಲು ಶ್ವಾಸಕೋಶಕ್ಕೆ ಇಳಿಯುವುದು ರೋಗಿಯ ಬಾಯಿ, ಗಂಟಲಿನಿಂದಲೇ.

ಟ್ಯೂಬಿನ ಸುತ್ತ ಬಲೂನು ಇರುತ್ತದೆ ಅಂದರು. ಮತ್ತೆ ಬಾಯಿಯ ಎಂಜಲು ಒಳಗೆ ಹೇಗೆ ಹೋಗುತ್ತದೆ?

ಒಳ್ಳೆಯ ಪ್ರಶ್ನೆ. ಶ್ವಾಸನಾಳದೊಳಗೆ ಹೋದ ಟ್ಯೂಬಿನ ತುದಿಯ ಹತ್ತಿರ ಒಂದು ಚಿಕ್ಕ ಬಲೂನು ಇದೆ, ನಿಜ. ಗಾಳಿ ಮೇಲಕ್ಕೆ ಸೋರದಂತೆ ಅದು ತಡೆಯುತ್ತದೆ. ಎಂಜಲನ್ನೂ ಸಾಕಷ್ಟು ಮಟ್ಟಿಗೆ ತಡೆಯುತ್ತದೆ, ಆದರೆ ಪೂರ್ತಿ ಅಲ್ಲ. ಬಲೂನಿನ ಮೈಯಲ್ಲಿ ಸಣ್ಣ ಸಣ್ಣ ಮಡಿಕೆಗಳು ಬೀಳುತ್ತವೆ. ಅದರ ಮೇಲೆ ನಿಂತ ಎಂಜಲು ಆ ಮಡಿಕೆಗಳ ಸಂದಿಯಿಂದ ಹನಿಹನಿಯಾಗಿ ಕೆಳಗೆ ಇಳಿಯುತ್ತದೆ.

ಬಲೂನಿಗೆ ಇನ್ನಷ್ಟು ಗಾಳಿ ತುಂಬಿ ಬಿಗಿ ಮಾಡಬಹುದಲ್ವಾ ಅಂತ ಅನ್ನಿಸುತ್ತದೆ. ಜಾಸ್ತಿ ಬಿಗಿಯಾದರೆ ಶ್ವಾಸನಾಳದ ಗೋಡೆಗೆ ರಕ್ತ ಹರಿಯುವುದು ಕಡಿಮೆಯಾಗಿ ಅಲ್ಲಿ ಗಾಯವಾಗುತ್ತದೆ. ಅದಕ್ಕೇ ಒತ್ತಡವನ್ನು 20ರಿಂದ 30 ಸೆಂ.ಮೀ. ಎತ್ತರದ ನೀರು ಒತ್ತುವಷ್ಟರ ಮಟ್ಟದೊಳಗೆ ಇಡುತ್ತಾರೆ. ಅಷ್ಟರಲ್ಲಿ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ. ಸೋರುವ ಆ ಎಂಜಲಿನಲ್ಲಿ ರೋಗಾಣು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿಡುವುದಕ್ಕೂ ಇದೇ ಕಾರಣ. "ಅಪ್ಪನ್ನ ಯಾಕೆ ಒರಗಿಸಿ ಕೂರಿಸಿದ್ದಾರೆ, ಮಲಗಿಸಬಾರದಾ" ಅಂತ ಕೇಳುವವರು ತುಂಬಾ ಜನ. ಹೊಟ್ಟೆಯಲ್ಲಿರುವುದು ಗಂಟಲಿಗೆ ಹಿಂದಕ್ಕೆ ಬರದಿರಲಿ ಅಂತ ಹಾಗೆ ಮಾಡಿರುತ್ತಾರೆ.

ಬಾಯಿಂದ ಊಟಾನೇ ಇಲ್ಲ. ಹಲ್ಲು, ನಾಲಿಗೆ ಗಲೀಜಾಗುವುದು ಯಾಕೆ?

ಊಟ ಮಾಡದ ಬಾಯಿ ಬೇಗ ಗಲೀಜಾಗುತ್ತದೆ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೂ ಜೊಲ್ಲು ಊರುತ್ತದೆ. ನಾವು ಅಗಿಯುತ್ತೇವೆ, ಮಾತಾಡುತ್ತೇವೆ, ನುಂಗುತ್ತೇವೆ. ಇದರಲ್ಲೇ ಬಾಯಿ ತನ್ನಷ್ಟಕ್ಕೆ ತೊಳೆದುಕೊಳ್ಳುತ್ತಿರುತ್ತದೆ. ಜೊಲ್ಲಿನಲ್ಲಿ ರೋಗಾಣುಗಳನ್ನು ಹತ್ತಿಕ್ಕುವ ಅಂಶಗಳೂ ಇವೆ.

ಐಸಿಯುನಲ್ಲಿ ಇವೆಲ್ಲ ನಿಂತುಹೋಗುತ್ತವೆ. ಟ್ಯೂಬಿನಿಂದ ಬಾಯಿ ಹಗಲೂ ರಾತ್ರಿ ಅರ್ಧ ತೆರೆದೇ ಇರುತ್ತದೆ. ನೋವಿನ ಔಷಧ, ಮೂತ್ರ ಜಾಸ್ತಿ ಮಾಡಿಸುವ ಔಷಧಗಳಿಂದ ಬಾಯಿ ಇನ್ನೂ ಒಣಗುತ್ತದೆ. ನಮ್ಮ ಕಡೆಯ ಐಸಿಯುಗಳಲ್ಲಿ ಕೀಟನಾಶಕ ಕುಡಿದು ಬಂದವರು ಇದ್ದೇ ಇರುತ್ತಾರೆ. ಅವರನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಂದಾಗ ವಿಷದ ಪರಿಣಾಮಕ್ಕೆ ಬಾಯಿ ತುಂಬ ನೊರೆ, ಜೊಲ್ಲು. ಆಮೇಲೆ ಆ ವಿಷಕ್ಕೆ ಮದ್ದಾಗಿ ಅಟ್ರೋಪಿನ್ ಕೊಟ್ಟಾಗ ಅದೇ ಬಾಯಿ ಕೆಲವೇ ಗಂಟೆಯಲ್ಲಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಈ ರೋಗಿಗಳಿಗೆ ಬಾಯಿಯ ಆರೈಕೆ ಎರಡು ಪಟ್ಟು ಬೇಕು.

ಇದರ ಜೊತೆಗೆ ಬಾಯಲ್ಲಿರುವ ರೋಗಾಣುಗಳ ಜಾತಿಯೇ ಬದಲಾಗುತ್ತದೆ. ಗಂಭೀರ ಕಾಯಿಲೆ ಬಿದ್ದ ಎರಡು ದಿನದೊಳಗೆ ಮಾಮೂಲಿ ಬ್ಯಾಕ್ಟೀರಿಯಾಗಳ ಜಾಗಕ್ಕೆ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್‌ನಂಥವು ಬಂದು ಸೇರಿಕೊಳ್ಳಬಹುದು. ಇವು ಹಲ್ಲಿನ ಮೇಲಿನ ಅಂಟು ಪದರದಲ್ಲಿ ಮನೆ ಮಾಡುತ್ತವೆ. ಇವುಗಳಲ್ಲಿ ಹಲವು ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುವುದಿಲ್ಲ.

ಪ್ರಜ್ಞೆ ಇಲ್ಲದವರ ಹಲ್ಲನ್ನು ಹೇಗೆ ಉಜ್ಜುತ್ತಾರೆ?

ಬಾಗಿಲ ಹೊರಗೆ ಇರುವವರಿಗೆ ಇದು ಕಾಣುವುದೇ ಇಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕೈ ತೊಳೆದು ಗ್ಲೌಸ್ ಹಾಕಿಕೊಳ್ಳಬೇಕು. ಆಮೇಲೆ ರೋಗಿಗೆ ಹೇಳಬೇಕು. "ಅಮ್ಮಾ, ಬಾಯಿ ಕ್ಲೀನ್ ಮಾಡ್ತೀನಿ, ಸ್ವಲ್ಪ ತಣ್ಣಗಾಗುತ್ತೆ" ಅಂತ. ಕಣ್ಣು ಮುಚ್ಚಿದ್ದರೂ ಕಿವಿಗೆ ಬೀಳುತ್ತಿರಬಹುದು. ಹೇಳದೆ ಕೇಳದೆ ಬಾಯಿಗೆ ಬ್ರಷ್ ತೂರಿಸಿದರೆ ಯಾರಾದರೂ ಬೆಚ್ಚಿಬಿದ್ದು ಹಲ್ಲು ಕಚ್ಚುತ್ತಾರೆ ಅಲ್ವಾ?

ಹಾಸಿಗೆಯ ತಲೆಭಾಗ ಎತ್ತರದಲ್ಲಿದೆಯಾ, ಬಲೂನಿನ ಒತ್ತಡ ಸರಿ ಇದೆಯಾ ನೋಡಬೇಕು. ಟ್ಯೂಬಿನ ಮೇಲೆ ಸೆಂಟಿಮೀಟರ್ ಗುರುತು ಇರುತ್ತದೆ. ತುಟಿಯ ಹತ್ತಿರ ಎಷ್ಟಿದೆ ಅನ್ನುವುದನ್ನು ನೋಡಿಟ್ಟುಕೊಳ್ಳಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ 21ರಿಂದ 23ರ ಆಸುಪಾಸು ಇರುತ್ತದೆ. ಕೆಲಸ ಮುಗಿದ ಮೇಲೂ ಅದೇ ಅಂಕಿ ಇರಬೇಕು. ಒಬ್ಬರು ಟ್ಯೂಬ್ ಗಟ್ಟಿಯಾಗಿ ಹಿಡಿದುಕೊಂಡು ಇನ್ನೊಬ್ಬರು ಉಜ್ಜುವುದು ಒಳ್ಳೆಯ ಪದ್ಧತಿ. ಒಬ್ಬರೇ ಮಾಡಲು ಹೋದಾಗ ಟ್ಯೂಬ್ ಜರುಗುವ ಅಪಾಯ ಜಾಸ್ತಿ.

ಮೊದಲು ಬಾಯಲ್ಲಿ ನಿಂತಿರುವ ಎಂಜಲನ್ನು ಸಕ್ಷನ್ ಮಾಡಿ, ಅಂದರೆ ಪೈಪಿನಿಂದ ಹೀರಿ, ತೆಗೆಯುತ್ತಾರೆ. ಇದನ್ನು ಬಿಟ್ಟು ನೇರ ಉಜ್ಜಲು ಶುರು ಮಾಡಿದರೆ ಗಲೀಜೆಲ್ಲ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಮಕ್ಕಳ ಬ್ರಷ್‌ನಂಥ ಚಿಕ್ಕ ತಲೆಯ, ಮೆತ್ತನೆ ಎಳೆಯ ಬ್ರಷ್. ಟ್ಯೂಬಿನ ಪಕ್ಕದ ಇಕ್ಕಟ್ಟಿನಲ್ಲಿ ದೊಡ್ಡ ಬ್ರಷ್ ತಿರುಗುವುದಿಲ್ಲ. ವಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಬ್ರಷ್ಷನ್ನು ಓರೆಯಾಗಿ ಇಟ್ಟು ಸಣ್ಣಗೆ ಆಡಿಸಬೇಕು. ಮೊದಲು ಹೊರಮೈ, ಆಮೇಲೆ ಒಳಮೈ, ಕೊನೆಗೆ ಅಗಿಯುವ ಮೈ. ಟ್ಯೂಬ್ ಬಲಗಡೆ ಇದ್ದರೆ ಬಲಗಡೆಯ ದವಡೆ ಹಲ್ಲುಗಳು ತಪ್ಪಿಹೋಗುತ್ತವೆ. ಗಲೀಜು ಜಾಸ್ತಿ ಕಟ್ಟಿರುವುದೂ ಅಲ್ಲೇ. ಆಮೇಲೆ ನಾಲಿಗೆಯ ಮೇಲಿನ ಬಿಳಿ ಪದರ, ಕೆನ್ನೆಯ ಒಳಭಾಗ, ಅಂಗುಳ.

ಪೇಸ್ಟ್ ಹಾಕಿದರೆ ಬಟಾಣಿ ಕಾಳಿನಷ್ಟು ಸಾಕು. ನೊರೆ ಜಾಸ್ತಿಯಾದರೆ ತೆಗೆಯುವುದೇ ಕಷ್ಟ. ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಬಿಟ್ಟ ತಕ್ಷಣ ಕೆನ್ನೆಯ ಬದಿಯಿಂದ ಸಕ್ಷನ್ ಮಾಡಬೇಕು. ಸಾಧ್ಯವಿದ್ದಷ್ಟೂ ಸ್ಟೆರೈಲ್ (ರೋಗಾಣು ಇಲ್ಲದ) ನೀರೇ ಇರಲಿ. ನಲ್ಲಿ ನೀರಿನಲ್ಲೂ ಸ್ಯೂಡೋಮೊನಾಸ್ ಇರಬಹುದು. ಕೊನೆಗೆ ತುಟಿಗೆ ತೇವಾಂಶದ ಜೆಲ್. ಟ್ಯೂಬಿನ ಅಂಕಿ ಮತ್ತೊಮ್ಮೆ ನೋಡಿ ಚಾರ್ಟಿನಲ್ಲಿ ಬರೆದರೆ ಮುಗಿಯಿತು.

ಸಕ್ಷನ್ ಪೈಪನ್ನೇ ಜೋಡಿಸಬಹುದಾದ ಬ್ರಷ್‌ಗಳು ಸಿಗುತ್ತವೆ, ಆದರೆ ಬೆಲೆ ಜಾಸ್ತಿ. ಸರ್ಕಾರಿ ಆಸ್ಪತ್ರೆಯಲ್ಲಿ ಅಂಗಡಿಯ ಮಾಮೂಲಿ ಬೇಬಿ ಬ್ರಷ್ ಒಂದು ಕೈಯಲ್ಲಿ, ಸಕ್ಷನ್ ಕ್ಯಾಥಿಟರ್ (ಹೀರುವ ನಳಿಕೆ) ಇನ್ನೊಂದು ಕೈಯಲ್ಲಿ ಹಿಡಿದು ಇಷ್ಟೇ ಚೆನ್ನಾಗಿ ಮಾಡುವ ಸಿಸ್ಟರುಗಳು, ಬ್ರದರುಗಳು ಇದ್ದಾರೆ. ಇದಕ್ಕೆ ಬೇಕಾಗಿರುವುದು ಮುಖ್ಯವಾಗಿ ಸಮಯ ಮತ್ತು ಶ್ರದ್ಧೆ.

ದಿನಕ್ಕೆ ಎಷ್ಟು ಸಲ?

ಬ್ರಷ್ಷಿನಿಂದ ಉಜ್ಜುವುದು ಎರಡು ಸಲ, ಹನ್ನೆರಡು ಗಂಟೆಗೊಮ್ಮೆ. ಮಧ್ಯೆ ಎರಡರಿಂದ ನಾಲ್ಕು ಗಂಟೆಗೊಮ್ಮೆ ಬಾಯಿ ಒರೆಸಿ ತೇವ ಮಾಡುವುದು. ಮೂರು ಸಲ ಉಜ್ಜಿದರೆ ಎರಡು ಸಲಕ್ಕಿಂತ ಜಾಸ್ತಿ ಲಾಭ ಕಂಡುಬಂದಿಲ್ಲ.

ಬರೀ ಬ್ರಷ್ ಮಾಡಿದರೆ ನ್ಯುಮೋನಿಯಾ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಇದೆಯಾ?

ಇದೆ. ಇಂಥ 15 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2023ರ ಕೊನೆಯಲ್ಲಿ ಪ್ರಕಟವಾಯಿತು. ಹಲ್ಲುಜ್ಜಿಸಿಕೊಂಡವರಲ್ಲಿ ಆಸ್ಪತ್ರೆಯಲ್ಲಿ ಬರುವ ನ್ಯುಮೋನಿಯಾದ ಅಪಾಯ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಈ ಲಾಭ ಎದ್ದು ಕಂಡದ್ದು ವೆಂಟಿಲೇಟರ್ ಮೇಲಿದ್ದವರಲ್ಲಿ. ಐಸಿಯುನಲ್ಲಿ ಆದ ಸಾವುಗಳೂ ಕಡಿಮೆ ಇದ್ದವು. ಕೆಲವು ರೂಪಾಯಿಯ ಬ್ರಷ್ಷಿನಿಂದ ಇಷ್ಟು ಸಾಧ್ಯ ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ. ನಮ್ಮಂಥ ಕಡೆ ಇದಕ್ಕಿಂತ ಕೈಗೆಟುಕುವ ಚಿಕಿತ್ಸೆ ಬೇರೆ ಯಾವುದಿದೆ?

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹಾಕುತ್ತಿದ್ದರು, ಈಗ ನಿಲ್ಲಿಸಿದ್ದಾರೆ. ಖರ್ಚು ಉಳಿಸೋಕಾ?

ಅಲ್ಲ. ಇದರಲ್ಲಿ ವೈದ್ಯರ ತಿಳಿವಳಿಕೆಯೇ ಬದಲಾಗಿದೆ. ಹೊಸ ನರ್ಸ್‌ಗಳಿಗೂ ಇದು ಗೊಂದಲದ ವಿಷಯ.

ತುಂಬಾ ವರ್ಷ ಎಲ್ಲ ಐಸಿಯುಗಳಲ್ಲೂ ಇದೇ ನಡೆದುಬಂದದ್ದು. ಬಾಟಲಿ ತೆಗೆ, ಹತ್ತಿ ಅದ್ದು, ಒರೆಸು. ಚಾರ್ಟಿನಲ್ಲಿ ಟಿಕ್ ಹಾಕು. ನಮ್ಮಲ್ಲಿ ಸಾಮಾನ್ಯವಾಗಿ 0.2 ಶೇಕಡಾ ಇರುವ ದ್ರಾವಣ ಬಳಸುತ್ತಾರೆ. ಇದು ರೋಗಾಣು ಕೊಲ್ಲುವುದು ನಿಜ. ನ್ಯುಮೋನಿಯಾ ಕಡಿಮೆ ಮಾಡುತ್ತದೆ ಅಂತ ಹಳೆಯ ಅಧ್ಯಯನಗಳು ಹೇಳಿದ್ದವು. ಆದರೆ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ನೋಡಿದಾಗ ಇದರಿಂದ ಜೀವ ಉಳಿದದ್ದು ಕಾಣಲಿಲ್ಲ. ಕೆಲವು ವಿಶ್ಲೇಷಣೆಗಳಲ್ಲಿ ಸಾವು ಸ್ವಲ್ಪ ಜಾಸ್ತಿಯೇ ಇರಬಹುದು ಅನ್ನುವ ಅನುಮಾನ ಬಂತು. ಹಾಗಾಗಿ ಅಮೆರಿಕದ ಸೋಂಕು ನಿಯಂತ್ರಣ ತಜ್ಞರ ಸಂಘಗಳು 2022ರ ಮಾರ್ಗಸೂಚಿಯಲ್ಲಿ ಇದನ್ನು ವೆಂಟಿಲೇಟರ್ ರೋಗಿಗಳ ವಾಡಿಕೆ ಕ್ರಮದಿಂದ ಕೈಬಿಟ್ಟವು. ಅದರ ಬದಲಿಗೆ ದಿನವೂ ಹಲ್ಲುಜ್ಜುವುದನ್ನು ಮಾಡಲೇಬೇಕಾದ ಪಟ್ಟಿಗೆ ಸೇರಿಸಿದವು.

ಕೆನಡಾದ ಟೊರಾಂಟೊದಲ್ಲಿ ಆರು ಐಸಿಯುಗಳು ಈ ಮೌತ್‌ವಾಶ್ ನಿಲ್ಲಿಸಿ, ಉಜ್ಜುವುದು, ತೇವ ಮಾಡುವುದು, ಸಕ್ಷನ್ ಇವೆಲ್ಲ ಸೇರಿದ ಕ್ರಮವನ್ನು ಜಾರಿಗೆ ತಂದು ನೋಡಿದವು. 3,260 ರೋಗಿಗಳ ಆ ಅಧ್ಯಯನ 2021ರಲ್ಲಿ ಹೊರಬಂತು. ಮೌತ್‌ವಾಶ್ ನಿಲ್ಲಿಸಿದ್ದರಿಂದ ಸಾವಿನ ಸಂಖ್ಯೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಬಾಯಿಯ ಸ್ಥಿತಿ ಮಾತ್ರ ಸುಧಾರಿಸಿತು.

ಹಾಗಂತ ನಿಮ್ಮ ಆಸ್ಪತ್ರೆಯಲ್ಲಿ ಬಳಸುತ್ತಿದ್ದರೆ ಜಗಳಕ್ಕೆ ಹೋಗಬೇಡಿ. ಹೃದಯದ ಆಪರೇಷನ್‌ಗೆ ಮುಂಚೆ ಕೆಲವು ಕಡೆ ಇದನ್ನು ಬೇಕೆಂದೇ ಕೊಡುತ್ತಾರೆ. ಡಾಕ್ಟರಿಗೆ ಬೇರೆ ಕಾರಣವೂ ಇರಬಹುದು. ಬಹಳ ದಿನ ಹಾಕಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ರುಚಿ ಕೆಡುತ್ತದೆ ಅನ್ನುವುದು ಗೊತ್ತಿರಲಿ. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಇದನ್ನು ಹಾಕಿದರೆ ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ತಗ್ಗಿಸುತ್ತದೆ. ನಡುವೆ ಅರ್ಧ ಗಂಟೆ ಬಿಡುವುದು ಒಳ್ಳೆಯದು. ಒಂದು ವಿಷಯ ಮಾತ್ರ ಖಂಡಿತ: ಮೌತ್‌ವಾಶ್ ಒರೆಸುವುದು ಉಜ್ಜುವುದಕ್ಕೆ ಸಮ ಅಲ್ಲ.

ಗಾಜ್ ಬಟ್ಟೆ ಅಥವಾ ಸ್ಪಂಜ್ ಕಡ್ಡಿಯಿಂದ ಒರೆಸಿದರೆ ಸಾಲದಾ?

ತೇವ ಮಾಡೋಕೆ ಸಾಕು. ಹಲ್ಲಿನ ಅಂಟು ಪದರ ಒರೆಸಿದರೆ ಹೋಗುವುದಿಲ್ಲ. ಪಾತ್ರೆಯ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ, ಮೇಲೆ ಹೊಳೆಯುತ್ತದೆ, ಜಿಡ್ಡು ಅಲ್ಲೇ ಇರುತ್ತದೆ. ಸ್ಪಂಜ್ ಕಡ್ಡಿಯನ್ನು ರೋಗಿ ಕಚ್ಚಿದರೆ ತಲೆ ಕಿತ್ತು ಗಂಟಲಿಗೆ ಬೀಳುವ ಅಪಾಯವೂ ಇದೆ. ಪ್ರತಿ ಸಲ ಎಳೆದು ನೋಡಿ ಬಳಸಬೇಕು, ನೀರಿನಲ್ಲಿ ನೆನೆಹಾಕಿ ಇಡಬಾರದು. ನಿಂಬೆ, ಗ್ಲಿಸರಿನ್ ಹಚ್ಚಿದ ಕಡ್ಡಿಗಳು ಹಿಂದೆ ಬಳಕೆಯಲ್ಲಿದ್ದವು. ನಿಂಬೆಯ ಹುಳಿ ಹಲ್ಲಿನ ಕವಚ ತಿನ್ನುತ್ತದೆ, ಗ್ಲಿಸರಿನ್ ಬಾಯನ್ನು ಇನ್ನಷ್ಟು ಒಣಗಿಸುತ್ತದೆ. ಅವು ಬೇಡ.

ತುಟಿ ಒಡೆದುಹೋಗಿದೆ. ಮನೆಯಿಂದ ತುಪ್ಪ, ಕೊಬ್ಬರಿ ಎಣ್ಣೆ, ಜೇನು ತಂದು ಹಚ್ಚಬಹುದಾ?

ಮನಸ್ಸು ಅರ್ಥವಾಗುತ್ತದೆ. ಮನೆಯಲ್ಲಿ ತುಟಿ ಒಡೆದರೆ ನಾವೆಲ್ಲ ತುಪ್ಪವನ್ನೇ ಹಚ್ಚುವುದು. ಆದರೆ ಸರಿಯಾಗಿ ನುಂಗಲಾರದವರ ಬಾಯೊಳಗೆ ಎಣ್ಣೆ, ತುಪ್ಪ ಹಾಕಬೇಡಿ. ಜಾರಿ ಶ್ವಾಸಕೋಶಕ್ಕೆ ಇಳಿದರೆ ಅದು ಅಲ್ಲಿ ಕರಗುವುದಿಲ್ಲ. ಎಣ್ಣೆಯಿಂದಲೇ ಬರುವ ಬೇರೆ ರೀತಿಯ ನ್ಯುಮೋನಿಯಾ ಇದೆ. ಜೇನೂ ಬಾಯೊಳಗೆ ಬೇಡ, ಅದರ ಸಕ್ಕರೆ ಹಲ್ಲಿಗೆ ಅಂಟುತ್ತದೆ.

ತುಟಿಗೆ ನೀರಿನ ಅಂಶವಿರುವ ಜೆಲ್ ಒಳ್ಳೆಯದು. ಆಕ್ಸಿಜನ್ ಮಾಸ್ಕ್ ಇರುವಾಗ ಎಣ್ಣೆ ಅಥವಾ ವ್ಯಾಸಲೀನ್‌ನಂಥ ಜಿಡ್ಡು ಹಚ್ಚಬೇಡಿ ಅಂತ ಹೇಳುವುದು ಬೆಂಕಿಯ ಭಯಕ್ಕೆ. ಏನು ಹಚ್ಚಬಹುದು ಅಂತ ಸಿಸ್ಟರನ್ನು ಕೇಳಿ. ಮೆಡಿಕಲ್ ಶಾಪಿನಿಂದ ಏನು ತರಬೇಕೆಂದು ಅವರೇ ಬರೆದುಕೊಡುತ್ತಾರೆ.

ನೀರು ನೀರು ಅಂತ ಸನ್ನೆ ಮಾಡುತ್ತಾರೆ. ಒಂದು ಗುಟುಕೂ ಕೊಡಬಾರದಾ?

ಕೇಳುವವರಿಗೂ ಕೇಳಿಸಿಕೊಳ್ಳುವವರಿಗೂ ಇದು ತುಂಬಾ ಕಷ್ಟದ ವಿಷಯ. ಐಸಿಯು ರೋಗಿಗಳನ್ನು ಕಾಡುವ ಬಾಧೆಗಳಲ್ಲಿ ಬಾಯಾರಿಕೆ ಮುಂಚೂಣಿಯಲ್ಲಿದೆ. ಡ್ರಿಪ್ ಹೋಗುತ್ತಿದ್ದರೂ, ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿದ್ದರೂ ಒಣಗಿದ ಬಾಯಿಯ ದಾಹ ತೀರುವುದಿಲ್ಲ.

ಟ್ಯೂಬ್ ಇದ್ದಾಗ ಗುಟುಕು ನೀರು ಬೇಡವೇ ಬೇಡ. ಆದರೆ ದಾಹ ತಣಿಸೋಕೆ ದಾರಿಗಳಿವೆ. ತಣ್ಣನೆಯ ನೀರಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಿಂದ ನಾಲಿಗೆ, ಕೆನ್ನೆ ಒರೆಸುವುದು. ತಣ್ಣೀರನ್ನು ಬಾಯೊಳಗೆ ಒಂದೆರಡು ಸಲ ಮಂಜಿನಂತೆ ಸಿಂಪಡಿಸುವುದು. ತುಟಿಗೆ ಮೆಂಥಾಲ್ ಇರುವ ಲೇಪ. ಈ ಮೂರನ್ನೂ ಒಟ್ಟಿಗೆ ಮಾಡಿದಾಗ ಬಾಯಾರಿಕೆಯ ತೀವ್ರತೆ ಇಳಿಯುತ್ತದೆ. ಭೇಟಿಯ ಹೊತ್ತಿನಲ್ಲಿ ಸಿಸ್ಟರ್ ಪಕ್ಕದಲ್ಲಿದ್ದು ಹೇಳಿಕೊಟ್ಟರೆ ಇದನ್ನು ನೀವೇ ಮಾಡಬಹುದು. ಕೈಕಟ್ಟಿ ನಿಂತು ನೋಡುವ ಬದಲು ನಿಮಗೂ ಏನೋ ಮಾಡಿದ ಸಮಾಧಾನ ಇರುತ್ತದೆ. ಅನುಮತಿ ಇಲ್ಲದೆ ಮಾತ್ರ ಬೇಡ.

ಡಾಕ್ಟರ್ ಆಸೆ ಬಿಡಿ ಅಂದಿದ್ದಾರೆ. ಗಂಗಾಜಲ ಬಿಡಬಹುದಾ?

ಕೇಳಲು ಸಂಕೋಚ ಬೇಡ. ತುಳಸಿ ತೀರ್ಥ, ಗಂಗಾಜಲ, ಜಮ್‌ಜಮ್ ನೀರು, ಎಲ್ಲ ಮನೆಯವರೂ ಕೇಳುತ್ತಾರೆ. ಬಹಳಷ್ಟು ಐಸಿಯುಗಳಲ್ಲಿ ಇದಕ್ಕೆ ಒಪ್ಪುತ್ತಾರೆ. ಉದ್ಧರಣೆಯಲ್ಲಿ ಎತ್ತಿ ಬಾಯಿಗೆ ಸುರಿಯುವ ಬದಲು, ಹತ್ತಿ ಅಥವಾ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ ತುಟಿಗೆ, ನಾಲಿಗೆಗೆ ತಾಗಿಸಿ. ಸುರಿದರೆ ಉಸಿರು ಸಿಕ್ಕಿಕೊಂಡಂತಾಗಿ ಅವರಿಗೆ ಸಂಕಟವಾಗುತ್ತದೆ. ಇಂಥ ರೋಗಿಗಳಿಗೂ ಬಾಯಿಯ ಆರೈಕೆ ನಿಲ್ಲಬಾರದು. ಚಿಕಿತ್ಸೆ ಕಡಿಮೆ ಮಾಡಿದಾಗ ಇದನ್ನೂ ಬಿಟ್ಟುಬಿಡುವುದು ತಪ್ಪು. ಬಾಯಿ ಒದ್ದೆಯಾಗಿ, ಸ್ವಚ್ಛವಾಗಿ ಇರುವುದು ಅವರ ನೆಮ್ಮದಿಗೆ.

ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಾರೆ. ಅದನ್ನು ಏನು ಮಾಡುವುದು?

ಟ್ಯೂಬ್ ಹಾಕುವ ಮುಂಚೆ ತೆಗೆಯಲೇಬೇಕು. ತುರ್ತಿನಲ್ಲಿ ಬಂದಾಗ ಯಾರೂ ಕೇಳದೇ ಹೋಗಬಹುದು, ನೀವಾಗಿ ಹೇಳಿ. ಒಂದೆರಡು ಹಲ್ಲಿನ ಚಿಕ್ಕ ಸೆಟ್ಟು ಇದ್ದರಂತೂ ತಪ್ಪದೆ ಹೇಳಿ, ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅಲುಗಾಡುವ ಹಲ್ಲು, ಕ್ಯಾಪ್ ಹಾಕಿದ ಹಲ್ಲು ಇದ್ದರೂ ಹೇಳಿ. ಕಿತ್ತು ಶ್ವಾಸನಾಳಕ್ಕೆ ಬಿದ್ದರೆ ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ.

ಸೆಟ್ಟನ್ನು ಹೆಸರು ಬರೆದ ಮುಚ್ಚಳದ ಡಬ್ಬಿಯಲ್ಲಿ ತಣ್ಣೀರು ಹಾಕಿ ಇಡಿ. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ಸಾಧ್ಯವಾದರೆ ಮನೆಗೇ ತೆಗೆದುಕೊಂಡು ಹೋಗಿ. ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟ ಸೆಟ್ಟು ಕಸದ ಬುಟ್ಟಿಗೆ ಹೋಗುವುದು ತುಂಬಾ ಸುಲಭ. ಹಲ್ಲೇ ಇಲ್ಲದವರಿಗೂ ವಸಡು, ನಾಲಿಗೆ, ಅಂಗುಳ ಸ್ವಚ್ಛ ಮಾಡಲೇಬೇಕು.

ಎಲೆ ಅಡಿಕೆ, ಗುಟ್ಕಾ ಅಭ್ಯಾಸ ಇತ್ತು. ಹೇಳಬೇಕಾ?

ಹೇಳಲೇಬೇಕು. ನಾಚಿಕೆ ಪಡುವ ವಿಷಯ ಅಲ್ಲ. ನಮ್ಮ ರಾಜ್ಯದಲ್ಲಿ ಅಡಿಕೆ ಜಗಿಯುವವರು ಎಷ್ಟೊಂದು ಜನ. ಬಹಳ ವರ್ಷ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಪಟ್ಟಿ ಕಟ್ಟಿದಂತಾಗಿ, ಬಾಯಿ ಪೂರ್ತಿ ತೆರೆಯದೇ ಹೋಗಬಹುದು. ಎರಡು ಬೆರಳು ತೂರದಷ್ಟು ಬಿಗಿಯಾಗಿರುವವರೂ ಇದ್ದಾರೆ. ಅಂಥವರಿಗೆ ಟ್ಯೂಬ್ ಹಾಕುವುದೇ ಕಷ್ಟ, ಅರಿವಳಿಕೆ ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ. ಆಮೇಲೆ ಬಾಯಿ ಸ್ವಚ್ಛ ಮಾಡುವಾಗಲೂ ಜೋರು ಮಾಡಿ ತೆರೆಯಬಾರದು, ಒಳಗೆ ಹರಿಯುತ್ತದೆ. ಚಿಕ್ಕ ಬ್ರಷ್, ತೆಳ್ಳನೆ ಕ್ಯಾಥಿಟರ್ ಬೇಕು, ತಾಳ್ಮೆಯೂ ಬೇಕು. ಬಾಯಲ್ಲಿ ಮೊದಲೇ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಇದ್ದಿದ್ದರೆ ಅದನ್ನೂ ತಿಳಿಸಿ.

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿದೆ, ವಸಡಿನಲ್ಲಿ ರಕ್ತ. ಆಗಲೂ ಉಜ್ಜುತ್ತಾರಾ?

ರಕ್ತ ಬರುತ್ತಿದೆ ಅಂತ ಬಾಯಿಯನ್ನು ಹಾಗೇ ಬಿಟ್ಟರೆ ಹೆಪ್ಪುಗಟ್ಟಿದ ರಕ್ತವೇ ರೋಗಾಣುಗಳಿಗೆ ಆಹಾರ. ಆದರೆ ವಿಧಾನ ಬದಲಾಗುತ್ತದೆ. ಅತಿ ಮೆತ್ತನೆಯ ಬ್ರಷ್, ಇಲ್ಲವೇ ಕೆಲವು ದಿನ ತಣ್ಣನೆಯ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆ ಮಾತ್ರ. ಹೆಪ್ಪುಗಟ್ಟಿದ್ದನ್ನು ಎಳೆದು ಕೀಳಬಾರದು, ನೆನೆಸಿ ಬಿಡಿಸಬೇಕು. ಸಕ್ಷನ್ ಕೂಡ ಕಡಿಮೆ ಒತ್ತಡದಲ್ಲಿ. ಯಾವಾಗ ಬ್ರಷ್ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅನ್ನುವುದನ್ನು ರಿಪೋರ್ಟ್ ನೋಡಿ ಡಾಕ್ಟರ್ ತೀರ್ಮಾನಿಸುತ್ತಾರೆ. ರಕ್ತ ತೆಳುವಾಗುವ ಔಷಧದ ಮೇಲಿರುವವರಿಗೂ ಇದೇ ಎಚ್ಚರ ಬೇಕು.

ನಾಲಿಗೆ ಮೇಲೆ ಮೊಸರು ಹಚ್ಚಿದ ಹಾಗೆ ಬೆಳ್ಳಗಿದೆ. ಏನದು?

ಬರೀ ಕೊಳೆಯ ಪದರ ಇರಬಹುದು, ಉಜ್ಜಿದರೆ ಹೋಗುತ್ತದೆ. ಒರೆಸಿದಾಗ ಕೆಳಗೆ ಕೆಂಪಗೆ ಹಸಿಯಾಗಿ ಕಂಡರೆ ಕ್ಯಾಂಡಿಡಾ ಶಿಲೀಂಧ್ರ ಇರಬಹುದು. ಸಕ್ಕರೆ ಕಾಯಿಲೆ ಇರುವವರು, ಸ್ಟಿರಾಯ್ಡ್ ಮತ್ತು ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರಲ್ಲಿ ಇದು ಸಾಮಾನ್ಯ. ಬಾಯಿಗೆ ಹಚ್ಚುವ ಔಷಧ ಇದೆ, ವಾಸಿಯಾಗುತ್ತದೆ.

ಕಪ್ಪು ಕಂಡರೆ ಮಾತ್ರ ತಡ ಮಾಡಬೇಡಿ. ಅಂಗುಳದಲ್ಲಿ ಕಪ್ಪು ಕಲೆ, ಇದ್ದಕ್ಕಿದ್ದ ಹಾಗೆ ಮೇಲಿನ ಹಲ್ಲುಗಳು ಸಡಿಲವಾಗುವುದು, ಒಂದು ಕಡೆಯ ಕೆನ್ನೆ ಅಥವಾ ಕಣ್ಣು ಊದಿಕೊಳ್ಳುವುದು ಮ್ಯೂಕರ್ ಶಿಲೀಂಧ್ರದ (ಬ್ಲ್ಯಾಕ್ ಫಂಗಸ್) ಲಕ್ಷಣಗಳು. ಕೋವಿಡ್ ಎರಡನೇ ಅಲೆಯಲ್ಲಿ ಇದು ಎಷ್ಟು ಹರಡಿತ್ತೆಂದರೆ, 2021ರ ಮೇ ತಿಂಗಳಲ್ಲಿ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕದಲ್ಲಿ ಆದೇಶವಾಯಿತು. ದಿನಾ ಟಾರ್ಚ್ ಹಿಡಿದು ಬಾಯಿ ನೋಡುವವರಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಬಾಯಿಯ ಆರೈಕೆಯಲ್ಲಿ ನೋಡುವುದೂ ಸೇರಿದೆ.

ತುಟಿಯ ಮೂಲೆಯಲ್ಲಿ ಗಾಯವಾಗಿದೆ. ನರ್ಸ್‌ಗಳು ಸರಿಯಾಗಿ ನೋಡಿಕೊಂಡಿಲ್ಲವೇ?

ಸುಮ್ನೆ ಹಾಗೆ ತೀರ್ಮಾನಕ್ಕೆ ಬರಬೇಡಿ. ಟ್ಯೂಬ್ ಒಂದೇ ಜಾಗದಲ್ಲಿ ಒತ್ತುತ್ತಿದ್ದರೆ, ಅದರಲ್ಲೂ ಬಿಪಿ ತೀರಾ ಇಳಿದು ಚರ್ಮಕ್ಕೆ ರಕ್ತ ಕಡಿಮೆಯಾದವರಲ್ಲಿ, ಗಾಯ ಬೇಗ ಆಗುತ್ತದೆ. ಬೋರಲು ಮಲಗಿಸಿದವರಲ್ಲಿ ಮುಖವೂ ಊದಿಕೊಂಡು ಇನ್ನೂ ಜಾಸ್ತಿ. ದಿನಕ್ಕೊಮ್ಮೆಯಾದರೂ ಟ್ಯೂಬನ್ನು ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿ, ಪ್ಲಾಸ್ಟರ್ ಬದಲಿಸಬೇಕು. ಮಾಡುತ್ತಿದ್ದಾರಾ ಅಂತ ನೀವು ಕೇಳಬಹುದು, ಅದರಲ್ಲಿ ತಪ್ಪಿಲ್ಲ.

ಗಾಳಿಯನ್ನು ಒತ್ತಿ ಕೊಡುವ ಬಿಪ್ಯಾಪ್ ಮಾಸ್ಕ್ ಹಾಕಿದ್ದಾರೆ, ಟ್ಯೂಬ್ ಇಲ್ಲ. ಅವರಿಗೂ ಬೇಕಾ?

ಬೇಕು. ಮಾಸ್ಕಿನ ರಭಸದ ಗಾಳಿಗೆ ಬಾಯಿ ಒಣಗಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ. ಆಕ್ಸಿಜನ್ ಸ್ಥಿರವಾಗಿರುವ ಹೊತ್ತು ನೋಡಿ ಸಿಸ್ಟರ್ ಮಾಸ್ಕ್ ತೆಗೆದು ಬಾಯಿ ಸ್ವಚ್ಛ ಮಾಡುತ್ತಾರೆ. ನೀವಾಗಿ ಮಾಸ್ಕ್ ಸರಿಸಬೇಡಿ. ಕುತ್ತಿಗೆಗೆ ಟ್ರಾಕಿಯಾಸ್ಟಮಿ (ಉಸಿರಿಗಾಗಿ ಶ್ವಾಸನಾಳಕ್ಕೆ ತೂತು) ಮಾಡಿದ್ದರೂ ಅಷ್ಟೆ, ಬಾಯಿಂದ ಉಸಿರಾಡದಿದ್ದರೂ ಎಂಜಲು ಕೆಳಗೆ ಇಳಿಯುವ ದಾರಿ ತೆರೆದೇ ಇರುತ್ತದೆ.

ಮಕ್ಕಳ ಐಸಿಯುನಲ್ಲಿ?

ಹಲ್ಲು ಬಂದಿದ್ದರೆ ಮಕ್ಕಳ ಬ್ರಷ್, ಬಂದಿಲ್ಲದಿದ್ದರೆ ಒದ್ದೆ ಗಾಜ್ ಬಟ್ಟೆಯಿಂದ ವಸಡು ಒರೆಸುವುದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ತಾಯಿಯ ಮೊದಲ ಹಾಲು, ಅಂದರೆ ಗಿಣ್ಣು ಹಾಲನ್ನು, ಕೆನ್ನೆಯ ಒಳಭಾಗಕ್ಕೆ ಹನಿಯಾಗಿ ಸವರುವ ಪದ್ಧತಿ ಹಲವು ಕಡೆ ಇದೆ. ಬಾಣಂತಿಗೆ ಹಾಲು ಹಿಂಡಿ ಕೊಡಲು ಹೇಳಿದರೆ ಇದಕ್ಕೂ ಇರಬಹುದು.

ಸರಿಯಾಗಿ ಮಾಡುತ್ತಿದ್ದಾರಾ ಅಂತ ಹೇಗೆ ತಿಳಿಯುವುದು? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ.

ಕೇಳುವ ರೀತಿ ಇದೆ. "ಸಿಸ್ಟರ್, ಇವತ್ತು ಅಪ್ಪಂಗೆ ಬ್ರಷ್ ಮಾಡಿದ್ರಾ? ನಾವು ಏನಾದ್ರೂ ತಂದುಕೊಡ್ಬೇಕಾ?" ಅಂತ ಕೇಳಿದರೆ ಯಾರೂ ಬೇಜಾರಾಗುವುದಿಲ್ಲ. ಒಬ್ಬ ನರ್ಸ್ ಒಬ್ಬರೋ ಇಬ್ಬರೋ ವೆಂಟಿಲೇಟರ್ ರೋಗಿಗಳನ್ನು ನೋಡಿಕೊಳ್ಳಬೇಕಾದಲ್ಲಿ ಮೂವರು ನಾಲ್ವರನ್ನು ನೋಡುವ ಪರಿಸ್ಥಿತಿ ಎಷ್ಟೋ ಕಡೆ ಇದೆ. ಇಂಜೆಕ್ಷನ್ ಹೊತ್ತು ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಬ್ರಷ್ ತಪ್ಪಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಕೆಲಸದ ಒತ್ತಡದಲ್ಲಿ ಮೊದಲು ಕೈಬಿಡುವುದು ಇದನ್ನೇ. ನೀವು ಕೇಳಿದರೆ ಅದು ಪಟ್ಟಿಯಲ್ಲಿ ಮೇಲಕ್ಕೆ ಬರುತ್ತದೆ. ಆಸ್ಪತ್ರೆ ಆಡಳಿತದವರು ಓದುತ್ತಿದ್ದರೆ ಅವರಿಗೊಂದು ಮಾತು: ಈ ಕೆಲಸಕ್ಕೆ ಕೈಗಳು ಬೇಕು, ಜನರನ್ನು ಕೊಡಿ.

ನೀವು ತಂದುಕೊಡುವುದಾದರೆ ಮೆತ್ತನೆಯ ಬೇಬಿ ಬ್ರಷ್, ಚಿಕ್ಕ ಟ್ಯೂಬ್ ಫ್ಲೋರೈಡ್ ಪೇಸ್ಟ್, ಹೆಸರು ಬರೆದ ಡಬ್ಬಿ. ಬ್ರಷ್ಷನ್ನು ಬಳಸಿದ ಮೇಲೆ ತೊಳೆದು, ಒಣಗುವ ಹಾಗೆ ನೆಟ್ಟಗೆ ಇಡಬೇಕು. ಸಿಂಕ್ ಪಕ್ಕದಲ್ಲಿ ಬೇಡ.

ಟ್ಯೂಬ್ ತೆಗೆದರು. ಈಗ ಕಾಫಿ ಕೊಡಬಹುದಾ?

ಸ್ವಲ್ಪ ತಾಳಿ. ಟ್ಯೂಬ್ ಹಲವು ದಿನ ಇದ್ದರೆ ನುಂಗುವ ಸ್ನಾಯುಗಳು ದುರ್ಬಲವಾಗಿರುತ್ತವೆ. ಧ್ವನಿ ಗೊಗ್ಗರಾಗಿರುವುದು, ಕುಡಿದ ತಕ್ಷಣ ಕೆಮ್ಮು, ಮಾತಾಡುವಾಗ ಗಂಟಲಲ್ಲಿ ನೀರು ನಿಂತಂಥ ಸದ್ದು, ಇವು ಎಚ್ಚರಿಕೆಯ ಗುರುತು. ಕೆಲವರಿಗೆ ಕೆಮ್ಮೂ ಬರದೆ ಒಳಗೆ ಜಾರುತ್ತದೆ. ಹಾಗಾಗಿ ನುಂಗುವುದನ್ನು ಪರೀಕ್ಷೆ ಮಾಡಿದ ಮೇಲೇ ಶುರು. ಹಲ್ಲುಜ್ಜುವುದು ಮಾತ್ರ ಆಗಲೂ ನಿಲ್ಲಬಾರದು. ಕೈಯಲ್ಲಿ ಶಕ್ತಿ ಬಂದಿದ್ದರೆ ಬ್ರಷ್ ಅವರ ಕೈಗೇ ಕೊಡಿ. ಹಿಡಿ ತೆಳ್ಳಗಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ.

ಮನೆಗೆ ಕರೆದುಕೊಂಡು ಬಂದ ಮೇಲೆ ನಾವೇ ಮಾಡಬೇಕು. ಏನು ನೆನಪಿಡಬೇಕು?

ಡಿಸ್ಚಾರ್ಜ್ ಆಗುವ ಮುಂಚೆ ಒಂದು ಸಲ ಸಿಸ್ಟರ್ ಎದುರಿಗೇ ನೀವು ಮಾಡಿ ತೋರಿಸಿ. ಬಾಯಲ್ಲಿ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.

ಮೂಗಿನ ನಳಿಕೆಯಲ್ಲಿ ಗಂಜಿ, ಹಾಲು ಕೊಡುತ್ತಿದ್ದರೆ, ಕೊಟ್ಟ ತಕ್ಷಣ ಬಾಯಿಗೆ ಕೈ ಹಾಕಬೇಡಿ, ವಾಂತಿಯಾಗಬಹುದು. ಕೊಡುವ ಮುಂಚೆ ಸ್ವಚ್ಛ ಮಾಡಿ. ತಲೆ ಎತ್ತರಿಸಿ, ಮುಖ ಒಂದು ಬದಿಗೆ ತಿರುಗಿಸಿ, ಕೆನ್ನೆಯ ಕೆಳಗೆ ಟವೆಲ್ ಇಡಿ. ಸಕ್ಷನ್ ಮಷಿನ್ ಇಲ್ಲದಿದ್ದರೆ ಬ್ರಷ್ ಬರೀ ಒದ್ದೆ ಇರಲಿ, ನೀರು ಬಿಡಬೇಡಿ, ಪೇಸ್ಟ್ ಬೇಡ. ಗಾಜ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹಲ್ಲುಗಳ ನಡುವೆ ನಿಮ್ಮ ಬೆರಳು ಇಡಬೇಡಿ. ಪಾರ್ಶ್ವವಾಯು ಆದವರಲ್ಲಿ ಸ್ವಾಧೀನ ಇಲ್ಲದ ಕಡೆಯ ಕೆನ್ನೆಯೊಳಗೆ ಊಟ ಉಳಿದುಕೊಳ್ಳುತ್ತದೆ, ಅವರಿಗೆ ಅದು ಗೊತ್ತಾಗುವುದಿಲ್ಲ. ಪ್ರತಿ ಊಟ ಆದಮೇಲೆ ಅಲ್ಲಿ ನೋಡಿ.

ಜ್ವರ, ಕಫ ಹೆಚ್ಚಾಗುವುದು, ಉಸಿರಿನ ವೇಗ ಏರುವುದು ಕಂಡರೆ ಡಾಕ್ಟರಿಗೆ ಫೋನ್ ಮಾಡಿ. ಹಲ್ಲು ಸಡಿಲವಾಗಿದ್ದರೆ ಅಥವಾ ಟ್ಯೂಬ್ ಹಾಕುವಾಗ ಚೂರಾಗಿದ್ದರೆ, ಚೇತರಿಸಿಕೊಂಡ ಮೇಲೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಡಿಸ್ಚಾರ್ಜ್ ಕಾರ್ಡ್ ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಅದನ್ನು ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.